ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದ ಕಂಪ್ಯೂಟರ್: ಒಂದು ಕಾಫಿ ತೋಟದ ಕಚೇರಿಯ ಪ್ರಕರಣ

ಕೊಡಗಿನ ಸಿದ್ದಾಪುರದ ಸಮೀಪದ ಒಂದು ಕಾಫಿ ತೋಟದ ಕಚೇರಿಯಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಅಳವಡಿಸಿದ ಒಂದೇ ಒಂದು ಕಂಪ್ಯೂಟರ್ ಇದೆ. ಕಾರ್ಮಿಕರ ಚೆಕ್‌ರೋಲ್ (ಹಾಜರಿ ಪುಸ್ತಕ), ವಾರದ ಬಟವಾಡೆಯ ಲೆಕ್ಕ, ಕೊಯ್ಲಿನ ಕಾಲದಲ್ಲಿ ದಿನವೂ ತೂಗಿದ ಹಣ್ಣಿನ ಕಿಲೋ, ಮಳೆಯ ದಾಖಲೆ, ಗೊಬ್ಬರದ ಬಿಲ್ಲುಗಳು, ಜಮ್ಮಾ ಭೂಮಿಗೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಸಂಬಂಧಿಸಿದ ಹಳೆಯ ಪತ್ರಗಳ ಸ್ಕ್ಯಾನ್ ಪ್ರತಿಗಳು ಎಲ್ಲವೂ ಅದರಲ್ಲಿವೆ. ಯಂತ್ರದ ಒಳಗೆ 240 ಜಿಬಿಯ ಎಸ್‌ಎಸ್‌ಡಿ ಇದ್ದು, ಹೊರಗೆ ಪ್ರತ್ಯೇಕ ಅಡಾಪ್ಟರಿನಿಂದ ವಿದ್ಯುತ್ ಪಡೆಯುವ 1 ಟಿಬಿ ಹಾರ್ಡ್ ಡಿಸ್ಕ್ ಯುಎಸ್‌ಬಿ ಮೂಲಕ ಜೋಡಿಸಲ್ಪಟ್ಟಿದೆ. ಪ್ರತಿ ಮಧ್ಯಾಹ್ನ ಒಂದೂವರೆಗೆ, ಕಚೇರಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ, ಒಂದು ಪುಟ್ಟ ಸ್ಕ್ರಿಪ್ಟ್ (ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿ) ಕಚೇರಿಯ ದಾಖಲೆಗಳನ್ನೆಲ್ಲ ಒಂದೇ ಟಾರ್ ಫೈಲಿನಲ್ಲಿ ಕಟ್ಟಿ, ಅಂದಿನ ದಿನಾಂಕದ ಹೆಸರಿಟ್ಟು, ಆ ಹೊರಗಿನ ಡಿಸ್ಕಿನಲ್ಲಿ ಇಡುತ್ತದೆ. ಸಂಜೆ ಕಂಪ್ಯೂಟರನ್ನು ಆರಿಸಿ ಕಚೇರಿಗೆ ಬೀಗ ಹಾಕುವುದು ವಾಡಿಕೆ.

ಮಾರ್ಚ್ ತಿಂಗಳಲ್ಲಿ, ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದ ದಿನಗಳಲ್ಲಿ, ಸಂತೆಗೆ ಮುಂಚಿನ ದಿನ ಬೆಳಿಗ್ಗೆ ಈ ಕಂಪ್ಯೂಟರ್ ಯಾರನ್ನೂ ಒಳಗೆ ಬಿಡಲಿಲ್ಲ. ಅಂದು ಬಟವಾಡೆ. ತೋಟದ ರೈಟರ್ (ಗುಮಾಸ್ತ) ಫೋನಿನಲ್ಲಿ ಹೇಳಿದ ಮಾತು ಇಷ್ಟು: “ಸರ್, ಪಾಸ್‌ವರ್ಡ್ ತಕ್ಕೊಳ್ತದೆ, ಒಳಗೆ ಮಾತ್ರ ಬಿಡ್ತಾ ಇಲ್ಲ.” ರೋಗಲಕ್ಷಣವನ್ನು ಇದಕ್ಕಿಂತ ನಿಖರವಾಗಿ ಹೇಳಲು ಸಾಧ್ಯವಿರಲಿಲ್ಲ. ಪಾಸ್‌ವರ್ಡ್ ಬರೆದು ಎಂಟರ್ ಒತ್ತಿದರೆ ತೆರೆ ಒಂದು ಕ್ಷಣ ಕಪ್ಪಾಗಿ, ಯಾವ ದೋಷ ಸಂದೇಶವನ್ನೂ ತೋರಿಸದೆ, ಮತ್ತೆ ಅದೇ ಲಾಗಿನ್ ಪುಟಕ್ಕೆ ಮರಳುತ್ತಿತ್ತು.

ಇಲ್ಲಿ ಮೊದಲು ಗಮನಿಸಬೇಕಾದದ್ದು ಆ ಮೌನವನ್ನು. ಪಾಸ್‌ವರ್ಡ್ ತಪ್ಪಾಗಿದ್ದರೆ ಉಬುಂಟುವಿನ ಲಾಗಿನ್ ಪುಟ ಹಾಗೆಂದು ಹೇಳುತ್ತದೆ. ಕೀಲಿಮಣೆ ಕನ್ನಡದ ಕಗಪ ವಿನ್ಯಾಸದಲ್ಲಿಯೇ ಉಳಿದಿದ್ದು ಅಕ್ಷರಗಳು ಬೇರೆಯಾಗಿ ಬಿದ್ದಿದ್ದರೂ, ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೂ ಅದೇ ಸಂದೇಶ ಬರಬೇಕು. ಸಂದೇಶ ಬರದೆ ತೆರೆ ಮಿಟುಕಿ ಹಿಂದಿರುಗಿದರೆ ಪಾಸ್‌ವರ್ಡ್ ಸ್ವೀಕೃತವಾಗಿದೆ ಎಂದೂ, ಅದಾದ ಮೇಲೆ ಡೆಸ್ಕ್‌ಟಾಪ್ ಎದ್ದು ನಿಲ್ಲಲಾರದೆ ಕುಸಿದಿದೆ ಎಂದೂ ಅರ್ಥ. ಡೆಸ್ಕ್‌ಟಾಪ್ ಆರಂಭವಾಗುವಾಗ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿಯೂ (ಅವನ ಫೈಲುಗಳಿರುವ ಫೋಲ್ಡರ್) ತಾತ್ಕಾಲಿಕ ಡೈರೆಕ್ಟರಿಯಲ್ಲಿಯೂ ಹಲವಾರು ಸಣ್ಣ ಫೈಲುಗಳನ್ನು ಬರೆಯಬೇಕಾಗುತ್ತದೆ. ಅವುಗಳಿಗೆ ಜಾಗ ಸಿಗದಿದ್ದರೆ ಡೆಸ್ಕ್‌ಟಾಪಿನ ಅಧಿವೇಶನ (ಸೆಷನ್) ಅಲ್ಲಿಗೇ ಮುಗಿದು, ವ್ಯವಸ್ಥೆ ಮತ್ತೆ ಲಾಗಿನ್ ಪುಟವನ್ನು ಮುಂದಿಡುತ್ತದೆ. ಗ್ರಾಫಿಕ್ಸ್ ಚಾಲಕದ ತೊಂದರೆಯೂ, ಹೋಮ್ ಡೈರೆಕ್ಟರಿಯ ಒಡೆತನ ಕೆಟ್ಟಿರುವುದೂ ಇದೇ ಲಕ್ಷಣವನ್ನು ತೋರಬಲ್ಲವಾದರೂ, ಹಿಂದಿನ ದಿನದವರೆಗೆ ಸರಿಯಾಗಿದ್ದು ಯಾವ ಬದಲಾವಣೆಯೂ ಆಗದ ಯಂತ್ರದಲ್ಲಿ ಮೊದಲು ಡಿಸ್ಕನ್ನೇ ಶಂಕಿಸುವುದು ಸೂಕ್ತ.

ಆ ವೇಳೆಗಾಗಲೇ ರೈಟರ್ ಅವರಿಗೆ ಎರಡು ಸಲಹೆಗಳು ಬಂದಿದ್ದವು. ಪೇಟೆಯ ಪರಿಚಯಸ್ಥರೊಬ್ಬರು ಪೆನ್ ಡ್ರೈವ್ ಹಾಕಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು ಎಂದಿದ್ದರು. ಅದರಂತೆ ನಡೆದು, ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಅಳಿಸುವ ಆಯ್ಕೆಯನ್ನು ಒಪ್ಪಿಬಿಟ್ಟಿದ್ದರೆ ಆ ವಾರದ ಚೆಕ್‌ರೋಲ್ ಹೋಗುತ್ತಿತ್ತು, ಮತ್ತು ಮುಂದೆ ತಿಳಿದುಬರುವಂತೆ ಅದರ ಬ್ಯಾಕಪ್ ಕೂಡ ಅದೇ ಕ್ಷಣದಲ್ಲಿ ಹೋಗುತ್ತಿತ್ತು. ಇನ್ನೊಂದು ಸಲಹೆ ಪಕ್ಕದ ತೋಟದವರದ್ದು: ವಯರುಗಳೆಲ್ಲ ಸರಿಯಾಗಿ ಕೂತಿವೆಯೇ ನೋಡಿ, ಒಮ್ಮೆ ಆರಿಸಿ ಹೊತ್ತಿಸಿ. ಇದನ್ನು ರೈಟರ್ ಪಾಲಿಸಿದರು. ಹಾಗೆ ನೋಡುವಾಗ ಹೊರಗಿನ ಡಿಸ್ಕಿನ ಅಡಾಪ್ಟರ್ ಪ್ಲಗ್ಗಿನಿಂದ ಹೊರಗಿರುವುದು ಕಂಡು, ಅದನ್ನು ಸಿಕ್ಕಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ತೀರ ಸಹಜವಾದ ಕೆಲಸ. ಆದರೆ ಸಮಸ್ಯೆಯ ಕಾರಣವನ್ನು ಕಣ್ಣಿಂದ ಮರೆಮಾಡಿದ್ದೂ ಅದೇ ಕೆಲಸ.

ಗ್ರಾಫಿಕ್ ಲಾಗಿನ್ ಬಿದ್ದುಹೋದರೂ ಲಿನಕ್ಸ್ ಬಳಕೆದಾರನಿಗೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿ ಅಕ್ಷರಗಳ ಕನ್ಸೋಲ್ ಬರುತ್ತದೆ. ಅಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಒಳಹೋಗಬಹುದು. ಪಾಸ್‌ವರ್ಡ್ ಬರೆಯುವಾಗ ಚುಕ್ಕಿಯೂ ಮೂಡುವುದಿಲ್ಲವಾದ್ದರಿಂದ ಹೊಸಬರು ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗುವುದುಂಟು. ಇಲ್ಲಿ ಲಾಗಿನ್ ಆಯಿತು. ಒಂದು ಡೈರೆಕ್ಟರಿಯ ಹೆಸರನ್ನು ಪೂರ್ಣಗೊಳಿಸಲೆಂದು ಟ್ಯಾಬ್ ಕೀಲಿ ಒತ್ತಿದೊಡನೆ, ತಾತ್ಕಾಲಿಕ ಫೈಲ್ ರಚಿಸಲಾಗುತ್ತಿಲ್ಲ, ಸಾಧನದಲ್ಲಿ ಜಾಗ ಉಳಿದಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ತೆರೆಯ ಮೇಲೆ ಬಂತು. ಡಿಸ್ಕ್ ತುಂಬಿದ ಯಂತ್ರಗಳಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ ಕೊಡುವ ಈ ಸೂಚನೆ ಎಷ್ಟು ಖಚಿತವೆಂದರೆ, ಬೇರೇನನ್ನೂ ನೋಡುವ ಮೊದಲೇ ರೋಗವನ್ನು ಹೆಸರಿಸಬಹುದು.

ಡಿಸ್ಕಿನ ಜಾಗವನ್ನು ತಿಳಿಸುವ ಡಿಎಫ್ ಆಜ್ಞೆ ಅದನ್ನು ಅಂಕಿಗಳಲ್ಲಿ ಹೇಳಿತು. ಬೇರು ಫೈಲ್ ವ್ಯವಸ್ಥೆಯ, ಅಂದರೆ ಉಬುಂಟು ಕೂತಿರುವ ಒಳಗಿನ ಡಿಸ್ಕಿನ ವಿಭಾಗದ, ಒಟ್ಟು ಗಾತ್ರ 219 ಜಿಬಿ, ಬಳಕೆಯಾದದ್ದು ಸುಮಾರು 208 ಜಿಬಿ, ಲಭ್ಯವಿರುವುದು ಸೊನ್ನೆ, ಬಳಕೆಯ ಪ್ರಮಾಣ ಶೇ. 100. ಕಳೆಯುವ ಲೆಕ್ಕ ಬಲ್ಲ ಯಾರಿಗಾದರೂ ಇಲ್ಲಿ ಸಂಶಯ ಬರಬೇಕು: 219ರಲ್ಲಿ 208 ಕಳೆದರೆ 11 ಉಳಿಯಬೇಕಲ್ಲವೇ? ಆ 11 ಜಿಬಿ ಇದೆ, ಆದರೆ ಸಾಮಾನ್ಯ ಬಳಕೆದಾರನಿಗಿಲ್ಲ. ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯನ್ನು ರಚಿಸುವಾಗ, ಬೇರೆ ಸೂಚನೆ ಕೊಡದಿದ್ದರೆ, ಒಟ್ಟು ಜಾಗದ ಶೇ. 5ರಷ್ಟನ್ನು ರೂಟ್ ಎಂಬ ಆಡಳಿತ ಬಳಕೆದಾರನಿಗಾಗಿ ಕಾದಿರಿಸಲಾಗುತ್ತದೆ. ಡಿಸ್ಕ್ ತುಂಬಿದರೂ ಯಂತ್ರ ಏಳುವುದಕ್ಕೆ, ಸೇವೆಗಳು ಲಾಗ್ ಬರೆಯುವುದಕ್ಕೆ, ದುರಸ್ತಿ ಮಾಡುವವನಿಗೆ ಕೈಯಾಡಿಸುವುದಕ್ಕೆ ಈ ಮೀಸಲು ಬೇಕು. ಬ್ಯಾಕಪ್ ಸ್ಕ್ರಿಪ್ಟನ್ನು ರೂಟ್ ಹೆಸರಿನಲ್ಲಿ ಓಡಿಸದೆ ಕಚೇರಿಯ ಬಳಕೆದಾರನ ಕ್ರಾನ್ ಪಟ್ಟಿಯಲ್ಲಿಯೇ (ನಿಗದಿತ ಹೊತ್ತಿಗೆ ನಡೆಯುವ ಕೆಲಸಗಳ ಪಟ್ಟಿ) ಇಟ್ಟಿದ್ದುದರಿಂದ ಮೀಸಲು ಉಳಿದುಕೊಂಡಿತ್ತು. ರೂಟ್ ಆಗಿದ್ದರೆ ಅದು ಈ 11 ಜಿಬಿಯನ್ನೂ ನುಂಗುತ್ತಿತ್ತು.

ಈ ಮೀಸಲಿನ ಇನ್ನೊಂದು ಪರಿಣಾಮವನ್ನು ಅನೇಕರು ಗಮನಿಸಿರುವುದಿಲ್ಲ. ಡಿಸ್ಕ್ ತುಂಬಿದ ಮೇಲೂ ರೂಟ್ ಹೆಸರಿನಲ್ಲಿ ನಡೆಯುವ ಸೇವೆಗಳು ಮೀಸಲಿನೊಳಗೆ ಬರೆಯುತ್ತಲೇ ಇರುತ್ತವೆ. ಹಾಗೆ ಅವು ನಾನೂರು ಎಂಬಿ ಬಳಸಿದ್ದರೆ, ನಾವು ನೂರು ಎಂಬಿಯಷ್ಟು ಫೋಟೋಗಳನ್ನು ಅಳಿಸಿದರೂ ಲಭ್ಯ ಜಾಗ ಸೊನ್ನೆಯಾಗಿಯೇ ಉಳಿಯುತ್ತದೆ, ಏಕೆಂದರೆ ಮೊದಲು ಆ ನಾನೂರು ತೀರಬೇಕು. “ಇಷ್ಟೆಲ್ಲ ಅಳಿಸಿದರೂ ಏನೂ ಆಗಲಿಲ್ಲ” ಎಂದು ಜನ ಕೈಚೆಲ್ಲುವುದು ಬಹುಮಟ್ಟಿಗೆ ಈ ಹಂತದಲ್ಲಿ.

ಬಟವಾಡೆಗೆ ಮೇಸ್ತ್ರಿಗಳು ಕಾಯುತ್ತಿದ್ದುದರಿಂದ ಮೊದಲು ಒಳಗೆ ಹೋಗುವ ದಾರಿ ಮಾಡುವುದು, ಕಾರಣವನ್ನು ಆಮೇಲೆ ಹುಡುಕುವುದು ಎಂದು ತೀರ್ಮಾನಿಸಲಾಯಿತು. ಯಾರ ದಾಖಲೆಯನ್ನೂ ಮುಟ್ಟದೆ ಜಾಗ ಬಿಡಿಸಿಕೊಳ್ಳಲು ಅತ್ಯಂತ ನಿರಪಾಯಕರವಾದದ್ದು ಸಾಫ್ಟ್‌ವೇರ್ ಅಳವಡಿಸುವ ಎಪಿಟಿ ಇಳಿಸಿಕೊಂಡು ಇಟ್ಟ ಪ್ಯಾಕೇಜುಗಳ ಸಂಗ್ರಹ. ಬೇಕಾದರೆ ಅವನ್ನು ಮತ್ತೆ ಇಳಿಸಿಕೊಳ್ಳಬಹುದು. ರೂಟ್ ಅಧಿಕಾರ ಕೊಡುವ ಸುಡೋ ಜೊತೆಗೆ ಎಪಿಟಿಯ ಕ್ಲೀನ್ ಆಜ್ಞೆಯನ್ನು ಕೊಟ್ಟಾಗ ಒಂದೂವರೆ ಜಿಬಿಗಿಂತ ಸ್ವಲ್ಪ ಹೆಚ್ಚು ಬಿಡುಗಡೆಯಾಗಿ, ಲಭ್ಯ ಜಾಗ ಒಂದು ಜಿಬಿಯನ್ನು ದಾಟಿತು. ಕಂಟ್ರೋಲ್, ಆಲ್ಟ್, ಎಫ್1 ಒತ್ತಿ ಲಾಗಿನ್ ಪುಟಕ್ಕೆ ಮರಳಿ ಪಾಸ್‌ವರ್ಡ್ ಕೊಟ್ಟರೆ ಡೆಸ್ಕ್‌ಟಾಪ್ ಬಂತು. ರೈಟರ್ ಚೆಕ್‌ರೋಲ್ ಮುದ್ರಿಸಿಕೊಂಡರು.

ಬಹುತೇಕ ಇಂತಹ ಪ್ರಕರಣಗಳು ಇಲ್ಲಿಗೆ ಮುಗಿದವೆಂದು ಕಡತ ಮುಚ್ಚಲ್ಪಡುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಒಳಗೆ ಹೋಗುವುದು ಒಂದು ಆಜ್ಞೆಯ ಕೆಲಸ; ಜಾಗವನ್ನು ತಿಂದದ್ದು ಯಾವುದು ಎಂಬುದಕ್ಕೆ ಅಂಕಿಗಳು ಒಂದಕ್ಕೊಂದು ಹೊಂದುವ ಉತ್ತರ ಸಿಗುವವರೆಗೆ ತನಿಖೆ ಮುಗಿಯುವುದಿಲ್ಲ.

ಉತ್ತರ ಹುಡುಕಲು, ಡೈರೆಕ್ಟರಿಗಳ ಗಾತ್ರ ಕೂಡಿಸುವ ಡಿಯು ಆಜ್ಞೆಯನ್ನು, ಒಂದೇ ಫೈಲ್ ವ್ಯವಸ್ಥೆಯೊಳಗೆ ಉಳಿಯಬೇಕೆಂಬ ಎಕ್ಸ್ ಆಯ್ಕೆಯೊಂದಿಗೆ, ಬೇರು ಡೈರೆಕ್ಟರಿಯಿಂದ ಓಡಿಸಲಾಯಿತು. ಈ ಆಯ್ಕೆ ಇಲ್ಲದಿದ್ದರೆ ಹೊರಗಿನ ಡಿಸ್ಕಿನ ಗಾತ್ರವೂ ಲೆಕ್ಕದಲ್ಲಿ ಸೇರಿ ಗೊಂದಲವಾಗುತ್ತದೆ. ಸಾಮಾನ್ಯವಾಗಿ ಅಪರಾಧಿ ಇಲ್ಲಿಯೇ ಸಿಕ್ಕಿಬೀಳುತ್ತಾನೆ: ಯಾವುದೋ ಹಾರ್ಡ್‌ವೇರ್ ದೋಷದ ಸಂದೇಶ ಸೆಕೆಂಡಿಗೆ ನೂರಾರು ಸಲ ಬರೆಯಲ್ಪಟ್ಟು ಬೆಳೆದ ಸಿಸ್‌ಲಾಗ್ ಫೈಲ್, ಹಳೆಯ ಆವೃತ್ತಿಗಳನ್ನು ಉಳಿಸಿಕೊಂಡ ಸ್ನ್ಯಾಪ್ ಪ್ಯಾಕೇಜುಗಳು, ಬೇರು ವಿಭಾಗದಲ್ಲಿಯೇ ಸಂಗ್ರಹವಾದ ಟೈಮ್‌ಶಿಫ್ಟ್ ಪ್ರತಿಗಳು, ತೆಗೆಯದೆ ಬಿಟ್ಟ ಹಳೆಯ ಕರ್ನೆಲ್‌ಗಳು. ಇಲ್ಲಿ ಅವೆಲ್ಲವೂ ಮಿತಿಯಲ್ಲಿದ್ದವು. ಡಿಯು ಕೂಡಿಸಿ ಕೊಟ್ಟ ಮೊತ್ತ ಸುಮಾರು 79 ಜಿಬಿ. ಡಿಎಫ್ ಆಗ ಹೇಳುತ್ತಿದ್ದದ್ದು ಸುಮಾರು 207. ನಡುವಿನ 128 ಜಿಬಿಗೆ ಯಾವ ಡೈರೆಕ್ಟರಿಯೂ ಹೊಣೆ ಹೊರಲಿಲ್ಲ.

ಈ ಎರಡು ಆಜ್ಞೆಗಳು ಎಣಿಸುವ ರೀತಿ ಬೇರೆ ಬೇರೆ ಎಂಬುದನ್ನು ನೆನಪಿಟ್ಟರೆ ವ್ಯತ್ಯಾಸ ನಿಗೂಢವಾಗಿ ಉಳಿಯುವುದಿಲ್ಲ. ಡಿಎಫ್ ಫೈಲ್ ವ್ಯವಸ್ಥೆಯನ್ನೇ ಕೇಳಿ, ಎಷ್ಟು ಬ್ಲಾಕುಗಳು ಬಳಕೆಯಲ್ಲಿವೆ ಎಂಬುದನ್ನು ಹೇಳುತ್ತದೆ. ಡಿಯು ಡೈರೆಕ್ಟರಿಗಳನ್ನು ಒಂದೊಂದಾಗಿ ಹೊಕ್ಕು, ಹೆಸರಿರುವ ಫೈಲುಗಳನ್ನು ಎಣಿಸುತ್ತದೆ. ಆದ್ದರಿಂದ ಡಿಎಫ್ ಹೆಚ್ಚು ಹೇಳಿ ಡಿಯು ಕಡಿಮೆ ಹೇಳಿದರೆ, ಜಾಗ ಹಿಡಿದಿದ್ದರೂ ಹೆಸರಿನ ಮೂಲಕ ತಲುಪಲಾಗದ ಫೈಲುಗಳು ಎಲ್ಲೋ ಇರಬೇಕು. ಅಂತಹವು ಮುಖ್ಯವಾಗಿ ಎರಡು ಬಗೆ. ಒಂದು, ಅಳಿಸಲ್ಪಟ್ಟರೂ ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿರುವ ಫೈಲು. ಆ ಪ್ರೋಗ್ರಾಂ ಮುಚ್ಚುವವರೆಗೆ ಜಾಗ ಮರಳುವುದಿಲ್ಲ. ಓಡುತ್ತಿರುವ ಸೇವೆಯ ಬೃಹತ್ ಲಾಗ್ ಫೈಲನ್ನು ಅಳಿಸದೆ ಸೊನ್ನೆ ಗಾತ್ರಕ್ಕೆ ಇಳಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಆದರೆ ಈ ಯಂತ್ರವನ್ನು ಆ ಬೆಳಿಗ್ಗೆಯೇ ಆರಿಸಿ ಹೊತ್ತಿಸಲಾಗಿತ್ತು, ಹಾಗಾಗಿ ಈ ಸಾಧ್ಯತೆಗೆ ಅವಕಾಶವಿರಲಿಲ್ಲ. ಉಳಿದದ್ದು ಎರಡನೆಯದು: ಮೌಂಟ್ ಆದ ಡಿಸ್ಕಿನ ಅಡಿಯಲ್ಲಿ ಮುಚ್ಚಿಹೋದ ಫೈಲುಗಳು.

ಲಿನಕ್ಸಿನಲ್ಲಿ ಹೊರಗಿನ ಡಿಸ್ಕಿಗೆ, ವಿಂಡೋಸಿನ ಡಿ, ಇ ಗಳಂತೆ, ಪ್ರತ್ಯೇಕ ಅಕ್ಷರದ ಹೆಸರಿಲ್ಲ. ಈಗಾಗಲೇ ಇರುವ ಒಂದು ಡೈರೆಕ್ಟರಿಯ ಮೇಲೆ ಅದನ್ನು ಮೌಂಟ್ ಮಾಡಲಾಗುತ್ತದೆ. ಇಲ್ಲಿ ಆ ಡೈರೆಕ್ಟರಿಯ ಹೆಸರು ಬ್ಯಾಕಪ್. ಡಿಸ್ಕ್ ಮೌಂಟ್ ಆಗಿರುವಾಗ ಬ್ಯಾಕಪ್ ಒಳಗೆ ಬರೆದದ್ದು ಹೊರಗಿನ ಡಿಸ್ಕಿಗೆ ಹೋಗುತ್ತದೆ. ಮೌಂಟ್ ಆಗಿಲ್ಲದಿದ್ದರೂ ಬ್ಯಾಕಪ್ ಎಂಬ ಡೈರೆಕ್ಟರಿ ಇದ್ದೇ ಇರುತ್ತದೆ, ಆದರೆ ಆಗ ಅದು ಒಳಗಿನ ಎಸ್‌ಎಸ್‌ಡಿಯ ಒಂದು ಸಾಧಾರಣ ಡೈರೆಕ್ಟರಿ, ಮತ್ತು ಸ್ಕ್ರಿಪ್ಟಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮೇಲೆ ಡಿಸ್ಕ್ ಬಂದು ಕೂತಾಗ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಟಾರ್ಪಾಲು ಎಳೆದಂತೆ, ಕೆಳಗಿನದು ಅಲ್ಲಿಯೇ ಇದ್ದೂ ಕಾಣದಂತಾಗುತ್ತದೆ.

ಅದನ್ನು ನೋಡಲು ಡಿಸ್ಕನ್ನು ಅನ್‌ಮೌಂಟ್ ಮಾಡಬಹುದು. ಇಲ್ಲಿ ಬೇರು ಫೈಲ್ ವ್ಯವಸ್ಥೆಯನ್ನು ಇನ್ನೊಂದು ಖಾಲಿ ಡೈರೆಕ್ಟರಿಗೆ ಬೈಂಡ್ ಮೌಂಟ್ ಮಾಡುವ, ಅಂದರೆ ಅದೇ ಫೈಲುಗಳು ಅಲ್ಲಿಯೂ ಕಾಣುವಂತೆ ಮಾಡುವ, ದಾರಿಯನ್ನು ಆರಿಸಲಾಯಿತು. ಹೀಗೆ ಮಾಡಿದಾಗ ಅದರ ಮೇಲೆ ಕೂತ ಇತರ ಮೌಂಟುಗಳು ಜೊತೆಗೆ ಬರುವುದಿಲ್ಲವಾದ್ದರಿಂದ, ಮುಚ್ಚಿಹೋದದ್ದೂ ಹೊರಗಿನ ಡಿಸ್ಕೂ ಎರಡೂ ಏಕಕಾಲಕ್ಕೆ ಕಾಣುತ್ತವೆ. ಕಂಡದ್ದು ತಲಾ 20 ಜಿಬಿಯ ಆರು ಪೂರ್ಣ ಟಾರ್ ಫೈಲುಗಳು ಮತ್ತು 8 ಜಿಬಿಗೆ ನಿಂತುಹೋದ ಏಳನೆಯದು. ಒಟ್ಟು 128. ಅಂಕಿಗಳು ಹೊಂದಿದವು.

ಆರು ಫೈಲುಗಳ ದಿನಾಂಕಗಳನ್ನು ಮಳೆ ಬರೆದಿಡುವ ಕಾಗದದ ರಿಜಿಸ್ಟರಿನ ಪಕ್ಕದಲ್ಲಿಟ್ಟಾಗ ಉಳಿದ ಕಥೆ ತಾನಾಗಿ ಹೊರಬಂತು. ಮೊದಲ ಫೈಲಿನ ಹಿಂದಿನ ಸಂಜೆ ಆ ವರ್ಷದ ಹೂಮಳೆ ಸುರಿದಿತ್ತು. ರೊಬಸ್ಟಾ ಗಿಡ ಹೂ ಬಿಡಲು ಒಂದು ಇಂಚಿನ ಆಸುಪಾಸಿನ ಈ ಮಳೆ ಅತ್ಯಗತ್ಯ. ಅದು ಗುಡುಗು ಸಿಡಿಲುಗಳೊಂದಿಗೇ ಬರುವುದು ಹೆಚ್ಚು. ಗುಡುಗು ಕೇಳಿದೊಡನೆ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕುವುದು ಕೊಡಗಿನ ಮನೆಮನೆಯ ಅಭ್ಯಾಸ ಮತ್ತು ಒಳ್ಳೆಯ ಅಭ್ಯಾಸ. ಆ ಸಂಜೆ ಕಚೇರಿಯಲ್ಲಿಯೂ ಕಿತ್ತರು. ಮರುದಿನ ಕಂಪ್ಯೂಟರಿನ ಪ್ಲಗ್ ಸಿಕ್ಕಿಸಲಾಯಿತು, ಮೇಜಿನ ಹಿಂದೆ ಬಿದ್ದಿದ್ದ ಡಿಸ್ಕಿನ ಅಡಾಪ್ಟರ್ ಮರೆತುಹೋಯಿತು.

ಡಿಸ್ಕ್ ಇಲ್ಲವೆಂದು ಯಂತ್ರ ದೂರಬೇಕಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಯಂತ್ರ ಏಳುವಾಗ ಮೌಂಟ್ ಮಾಡಬೇಕಾದ ಡಿಸ್ಕುಗಳನ್ನು ಪಟ್ಟಿಮಾಡುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಈ ಡಿಸ್ಕಿನ ಸಾಲಿಗೆ ನೋಫೇಲ್ ಎಂಬ ಆಯ್ಕೆ ಇತ್ತು. ಆ ಆಯ್ಕೆ ಇರದಿದ್ದರೆ, ಪಟ್ಟಿಯಲ್ಲಿರುವ ಡಿಸ್ಕ್ ಸಿಗದಾಗ ವ್ಯವಸ್ಥೆ ಸಾಮಾನ್ಯವಾಗಿ 90 ಸೆಕೆಂಡು ಕಾದು, ಬಳಿಕ ತುರ್ತು ಶೆಲ್ಲಿಗೆ ಬಿದ್ದು ನಿಲ್ಲುತ್ತದೆ. ತೋಟದ ಕಚೇರಿಯಲ್ಲಿ ಅದು ಇನ್ನೂ ದೊಡ್ಡ ತಲೆನೋವು, ಆದ್ದರಿಂದ ನೋಫೇಲ್ ಇಟ್ಟದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಇನ್ನೊಂದು ಕಡೆ: ಕೆಳಗಿನ ಖಾಲಿ ಡೈರೆಕ್ಟರಿಯ ಒಡೆತನ ಕಚೇರಿಯ ಬಳಕೆದಾರನ ಹೆಸರಿನಲ್ಲಿತ್ತು. ಅದು ರೂಟ್ ಒಡೆತನದಲ್ಲಿ ಉಳಿದಿದ್ದರೆ ಮೊದಲ ಮಧ್ಯಾಹ್ನವೇ ಸ್ಕ್ರಿಪ್ಟಿಗೆ ಬರೆಯಲು ಅನುಮತಿ ಸಿಗದೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಡಿಸ್ಕನ್ನು ಮೌಂಟ್ ಮಾಡುವ ಮೊದಲು ಒಡೆತನ ಬದಲಿಸುವ ಆಜ್ಞೆ ಕೊಟ್ಟರೆ ಅದು ತಗಲುವುದು ಡಿಸ್ಕಿಗಲ್ಲ, ಕೆಳಗಿನ ಡೈರೆಕ್ಟರಿಗೆ, ಇಲ್ಲಿಯೂ ಹಾಗಾಗಿರಬೇಕು.

ಏಳನೆಯ ಮಧ್ಯಾಹ್ನ ಟಾರ್ ಅರ್ಧಕ್ಕೆ ನಿಂತಾಗ ದೋಷವನ್ನು ಅದು ಹೇಳಿಯೇ ಹೇಳಿತ್ತು, ಕೇಳುವವರಿರಲಿಲ್ಲ. ಕ್ರಾನ್ ತಾನು ನಡೆಸಿದ ಕೆಲಸದ ಮಾತುಗಳನ್ನು ಅಂಚೆಯ ಮೂಲಕ ಬಳಕೆದಾರನಿಗೆ ಕಳಿಸಲು ನೋಡುತ್ತದೆ. ಅಂಚೆ ಸಾಗಿಸುವ ಪ್ರೋಗ್ರಾಂ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆ ಮಾತುಗಳನ್ನು ಎಸೆದು, ಎಸೆದೆನೆಂದು ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ. ಆ ಸಾಲು ಸಿಕ್ಕಿತು. ಡಿಸ್ಕ್ ತುಂಬುತ್ತಿದೆ ಎಂದು ಡೆಸ್ಕ್‌ಟಾಪ್ ಕೂಡ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಸಿತ್ತಂತೆ. ತೂಕದ ಲೆಕ್ಕ ಬರೆಯುವ ಭರದಲ್ಲಿ ಅದನ್ನು ಮುಚ್ಚಿದ್ದರು.

ಅಳಿಸುವ ಕೆಲಸಕ್ಕೆ ಆತುರಪಡಲಿಲ್ಲ. ಆ ಆರು ಫೈಲುಗಳೇ ಆ ದಿನಗಳ ಏಕೈಕ ಬ್ಯಾಕಪ್ ಆಗಿದ್ದವು. ಆರನೆಯದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಟಾರ್ ಅದನ್ನು ಕೊನೆಯವರೆಗೆ ಓದಬಲ್ಲದೆಂದು ಪರೀಕ್ಷಿಸಿದ ಬಳಿಕವೇ ಎಲ್ಲವನ್ನೂ ತೆಗೆಯಲಾಯಿತು. ಅದರ ಪ್ರಯೋಜನ ಅಂದೇ ಕಂಡಿತು. ಹಿಂದಿನ ದಿನ ಬದಲಾದ ಫೈಲುಗಳಲ್ಲಿ ಸೊನ್ನೆ ಗಾತ್ರದವನ್ನು ಹುಡುಕಿದಾಗ ಮಳೆಯ ದಾಖಲೆ ಸಿಕ್ಕಿತು. ಹೊಸ ಪ್ರತಿಯನ್ನು ಬೇರೆ ಹೆಸರಿನಲ್ಲಿ ಪೂರ್ಣವಾಗಿ ಬರೆದು ಕೊನೆಗೆ ಹೆಸರು ಬದಲಿಸುವ ಪ್ರೋಗ್ರಾಂಗಳು ಡಿಸ್ಕ್ ತುಂಬಿದರೂ ಹಳೆಯ ಪ್ರತಿಯನ್ನು ಕಾಪಾಡುತ್ತವೆ; ಇದ್ದ ಫೈಲನ್ನೇ ಖಾಲಿ ಮಾಡಿ ಮೇಲೆ ಬರೆಯಹೊರಡುವವು ಎರಡನ್ನೂ ಕಳೆಯುತ್ತವೆ. ಮಳೆ ದಾಖಲಿಸುವ ಪುಟ್ಟ ಪ್ರೋಗ್ರಾಂ ಎರಡನೆಯ ಬಗೆಯದು. ಆರನೆಯ ಬ್ಯಾಕಪ್ಪಿನಿಂದ ಹಳೆಯದು ಮರಳಿತು. ಬೆಳಿಗ್ಗೆ ಅಳೆದದ್ದನ್ನು ಊಟದ ನಂತರ ಕಂಪ್ಯೂಟರಿಗೆ ಏರಿಸುವ ರೂಢಿಯಿದ್ದುದರಿಂದ ಆಮೇಲಿನ ಎರಡು ದಿನಗಳ ನಮೂದು ಅದರಲ್ಲಿರಲಿಲ್ಲ. ಇಂಚು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಟ್ಟ ಕಾಗದದ ರಿಜಿಸ್ಟರಿನಿಂದ ಅವನ್ನು ತುಂಬಲಾಯಿತು. ಹೂಮಳೆಯ ದಿನಾಂಕ ಕಳೆದುಹೋದರೆ ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಯನ್ನು ಎಂದಿನವರೆಗೆ ಕಾಯಬೇಕು, ಎಂದು ಸ್ಪ್ರಿಂಕ್ಲರ್ ಹಚ್ಚಬೇಕು ಎಂಬ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಕಾಗದದ ರಿಜಿಸ್ಟರನ್ನು ಇನ್ನು ಬಿಡೋಣವೇ ಎಂದು ಮಾಲೀಕರು ಹಿಂದೊಮ್ಮೆ ಕೇಳಿದ್ದ ಪ್ರಶ್ನೆಗೆ ಈಗ ಉತ್ತರ ಸಿಕ್ಕಂತಾಯಿತು.

ಕನ್ಸೋಲ್ ಕೂಡ ತೆರೆಯದಿದ್ದರೆ ಏನು ಮಾಡಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಯಂತ್ರ ಏಳುವಾಗ ಗ್ರಬ್ ಪಟ್ಟಿಯನ್ನು (ಹೇಗೆ ಏಳಬೇಕೆಂದು ಕೇಳುವ ಆರಂಭದ ಪಟ್ಟಿ) ತೆರೆದು ರಿಕವರಿ ಮೋಡ್ ಆರಿಸಿದರೆ ಇನ್ನೊಂದು ಪಟ್ಟಿ ಬಂದು, ಅದರಲ್ಲಿ ರೂಟ್ ಶೆಲ್ ಸಿಗುತ್ತದೆ. ಫೈಲ್ ವ್ಯವಸ್ಥೆಯನ್ನು ಬರೆಯಲು ಬರುವಂತೆ ಮರುಮೌಂಟ್ ಮಾಡಿ ಕೆಲಸ ಮುಂದುವರಿಸಬಹುದು. ಅದೇ ಪಟ್ಟಿಯಲ್ಲಿ ಜಾಗ ಬಿಡಿಸಲು ಕ್ಲೀನ್ ಎಂಬ ಆಯ್ಕೆಯೂ ಇದೆ, ಆದರೆ ಮೌಂಟಿನಡಿ ಸೇರಿದ ಇಂತಹ ಫೈಲುಗಳನ್ನು ಅದು ಹುಡುಕಿಕೊಡುವುದಿಲ್ಲ. ಕೊನೆಯ ದಾರಿ ಪೆನ್ ಡ್ರೈವಿನಿಂದ ಲೈವ್ ಉಬುಂಟು ಎಬ್ಬಿಸಿ ಒಳಗಿನ ಡಿಸ್ಕನ್ನು ತೆರೆಯುವುದು. ಇನ್‌ಸ್ಟಾಲ್ ಗುಂಡಿಯನ್ನು ಮುಟ್ಟದಿದ್ದರೆ ಅದರಿಂದ ಯಾವ ಹಾನಿಯೂ ಇಲ್ಲ.

ಪರಿಹಾರದಲ್ಲಿ ಮೊದಲು ಸ್ಕ್ರಿಪ್ಟಿನ ಆರಂಭದಲ್ಲಿಯೇ ಮೌಂಟ್‌ಪಾಯಿಂಟ್ ಆಜ್ಞೆಯ ಮೂಲಕ ಒಂದು ಪರೀಕ್ಷೆ ಸೇರಿಸಲಾಯಿತು. ಬ್ಯಾಕಪ್ ಡೈರೆಕ್ಟರಿಯ ಮೇಲೆ ನಿಜವಾಗಿಯೂ ಡಿಸ್ಕ್ ಮೌಂಟ್ ಆಗಿಲ್ಲದಿದ್ದರೆ ಸ್ಕ್ರಿಪ್ಟ್ ಒಂದಕ್ಷರವನ್ನೂ ಬರೆಯದೆ ನಿಂತು, “ಬ್ಯಾಕಪ್ ಡಿಸ್ಕ್ ಸಿಗುತ್ತಿಲ್ಲ, ಪ್ಲಗ್ ನೋಡಿ” ಎಂದು ಡೆಸ್ಕ್‌ಟಾಪಿನಲ್ಲಿ ಕನ್ನಡದಲ್ಲಿಯೇ ತೋರಿಸುತ್ತದೆ. ಸ್ಕ್ರಿಪ್ಟನ್ನು ಮುಂದೆ ಯಾರಾದರೂ ಬದಲಿಸಿದರೂ ಸುರಕ್ಷೆ ಉಳಿಯಲೆಂದು, ಡಿಸ್ಕನ್ನು ಅನ್‌ಮೌಂಟ್ ಮಾಡಿ ಕೆಳಗಿನ ಖಾಲಿ ಡೈರೆಕ್ಟರಿಯನ್ನು ರೂಟ್ ಒಡೆತನಕ್ಕೆ ತಂದು, ಅದಕ್ಕೆ ಬದಲಾಯಿಸಲಾಗದ ಗುಣವನ್ನು ಚಾಟ್ಟರ್ ಆಜ್ಞೆಯಿಂದ ಹಾಕಲಾಯಿತು. ಈ ಗುಣವಿರುವ ಡೈರೆಕ್ಟರಿಯಲ್ಲಿ ರೂಟ್ ಕೂಡ ಹೊಸ ಫೈಲ್ ರಚಿಸಲಾರ, ಆದರೆ ಅದರ ಮೇಲೆ ಡಿಸ್ಕ್ ಮೌಂಟ್ ಆಗಲು ಅಡ್ಡಿಯಿಲ್ಲ. ನನಗೆ ಸ್ಕ್ರಿಪ್ಟಿನ ಪರೀಕ್ಷೆಗಿಂತ ಇದರ ಮೇಲೆಯೇ ಹೆಚ್ಚು ಭರವಸೆ. ಶೇ. 5ರ ಮೀಸಲನ್ನು ಇಳಿಸಿದರೆ ಜಾಗ ಸಿಗುತ್ತದಲ್ಲ ಎಂದು ಮಾಲೀಕರು ಕೇಳಿದರು. ಬರಿ ಬ್ಯಾಕಪ್ ಇಡುವ ಹೊರಗಿನ ಡಿಸ್ಕಿನಲ್ಲಿ ಹಾಗೆ ಮಾಡಬಹುದು. ಬೇರು ವಿಭಾಗದಲ್ಲಿ ಬೇಡವೆಂದು ತಿಳಿಸಲಾಯಿತು.

ಅಡಾಪ್ಟರನ್ನು ಉದ್ದೇಶಪೂರ್ವಕವಾಗಿ ಕಿತ್ತು ಯಂತ್ರವನ್ನು ಎಬ್ಬಿಸಿ ನೋಡಿದಾಗ ಸ್ಕ್ರಿಪ್ಟ್ ಸಂದೇಶ ತೋರಿಸಿ ನಿಂತಿತು. ಈ ಪರೀಕ್ಷೆಯ ವೇಳೆ ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಇನ್ನೊಂದು ದೋಷ ಕಂಡಿತು. 15 ದಿನಕ್ಕಿಂತ ಹಳೆಯ ಬ್ಯಾಕಪ್‌ಗಳನ್ನು ಅಳಿಸುವ ಆ ಸಾಲು, ಅಂದಿನ ಹೊಸ ಬ್ಯಾಕಪ್ ಆಯಿತೋ ಇಲ್ಲವೋ ಎಂದು ನೋಡದೆಯೇ ನಡೆಯುತ್ತಿತ್ತು. ಡಿಸ್ಕ್ ಮೌಂಟ್ ಆಗಿದ್ದು ಟಾರ್ ಮಾತ್ರ ದಿನವೂ ವಿಫಲವಾಗುತ್ತಿದ್ದರೆ ಎರಡು ವಾರ ದಾಟಿ ಒಂದೆರಡು ದಿನ ಕಳೆಯುವಷ್ಟರಲ್ಲಿ ಒಂದು ಒಳ್ಳೆಯ ಪ್ರತಿಯೂ ಉಳಿಯುತ್ತಿರಲಿಲ್ಲ. ಈಗ ಟಾರ್ ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ ಅಳಿಸುವ ಸಾಲಿಗೆ ಸರದಿ ಬರುತ್ತದೆ.